ನೋವಿನ ವೇಗ

ಬರಿಗಾಲಿನಲ್ಲಿ ನಡೆಯುವಾಗ ಹೆಬ್ಬೆರಳು ಹೊಸ್ತಿಲಿಗೆ ಎಡವಿದರೆ ಉಂಟಾಗುವ ನೋವು ಒಂದಲ್ಲ, ಎರಡು. ಮೊದಲನೆಯದು ಸೂಜಿ ಚುಚ್ಚಿದಂತೆ ಒಡನೆಯೇ ಬಂದು ಮಾಯವಾಗುತ್ತದೆ. ತುಸು ಹೊತ್ತಿನ ತರುವಾಯ ಎರಡನೆಯದು ಉರಿಯಂತೆ ಹಬ್ಬಿ ಬಹಳ ಕಾಲ ನಿಲ್ಲುತ್ತದೆ. ಪೆಟ್ಟು ಒಂದೇ ಆಗಿರಲು ನೋವು ಎರಡು ಬಾರಿ ಬರುವುದೇಕೆ?

ನರದಲ್ಲಿ ಸುದ್ದಿ ಸಾಗುವ ವೇಗವನ್ನು ಅಳೆಯಲಾಗದೆಂದು ಜೊಹಾನೆಸ್ ಮ್ಯೂಲರ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞನು ಭಾವಿಸಿದ್ದನು. ಆತನ ಶಿಷ್ಯ ಹೆಲ್ಮ್‌ಹೋಲ್ಟ್ಸ್ (ಶಕ್ತಿಯ ನಿತ್ಯತ್ವವನ್ನು ಓದಿದವರಿಗೆ ಪರಿಚಿತನಾದವನೇ) 1850ರಲ್ಲಿ ಅದನ್ನು ಅಳೆದೇಬಿಟ್ಟನು. ಕಪ್ಪೆಯ ಕಾಲಿನ ನರವನ್ನು ಸ್ನಾಯುವಿನ ಸಮೀಪದಲ್ಲೊಮ್ಮೆ, ದೂರದಲ್ಲೊಮ್ಮೆ ವಿದ್ಯುತ್ತಿನಿಂದ ಪ್ರಚೋದಿಸಿ, ಸ್ನಾಯು ಸಂಕುಚಿಸಲು ಹಿಡಿದ ಕಾಲಗಳ ವ್ಯತ್ಯಾಸವನ್ನು ಕಂಡುಕೊಂಡನು. ದೊರೆತ ವೇಗ ಸೆಕೆಂಡಿಗೆ ಸುಮಾರು 27 ಮೀಟರು ಮಾತ್ರ! ಗಾಳಿಯಲ್ಲಿ ಶಬ್ದವು ಇದರ ಹನ್ನೆರಡು ಮಡಿಗೂ ಮಿಗಿಲಾದ ವೇಗದಿಂದ ಚಲಿಸುತ್ತದೆ. ನರವನ್ನು ಟೆಲಿಗ್ರಾಫ್ ತಂತಿಗೆ ಹೋಲಿಸುವ ವಾಡಿಕೆ ಅಷ್ಟು ಸಮರ್ಪಕವಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಪಟಾಕಿಯ ಬತ್ತಿಯಲ್ಲಿ ಕಿಡಿ ಸಾಗುವ ರೀತಿ ಇದಕ್ಕೆ ಹೆಚ್ಚು ಹತ್ತಿರ. ನರತಂತುವಿನ ಪೊರೆಯ ಒಂದೆಡೆ ಸೋಡಿಯಂ ಅಯಾನುಗಳು ಒಳನುಗ್ಗಿದರೆ ಅಲ್ಲಿಯ ವಿದ್ಯುತ್ ವಿಭವ ಬದಲಾಗಿ, ನೆರೆಯ ಭಾಗವೂ ಕೆರಳುತ್ತದೆ. ಬತ್ತಿಯಾದರೋ ಉರಿದು ಬೂದಿಯಾಗುತ್ತದೆ. ನರತಂತು ಕೆಲವೇ ಸಹಸ್ರಾಂಶ ಸೆಕೆಂಡುಗಳಲ್ಲಿ ಮತ್ತೆ ಸಿದ್ಧವಾಗುತ್ತದೆ. ಪೆಟ್ಟು ಬಲವಾದಷ್ಟೂ ಸ್ಪಂದಗಳ ಸಂಖ್ಯೆ ಹೆಚ್ಚುವುದೇ ಹೊರತು ಒಂದೊಂದರ ಗಾತ್ರ ಹೆಚ್ಚುವುದಿಲ್ಲ.

ನೋವನ್ನು ಒಯ್ಯುವ ತಂತುಗಳಲ್ಲಿ ಎರಡು ಬಗೆ. ಮಯಲಿನ್ ಎಂಬ ಕೊಬ್ಬಿನ ತೆಳುಹೊದಿಕೆಯುಳ್ಳವುಗಳಲ್ಲಿ ವೇಗ ಸೆಕೆಂಡಿಗೆ 5ರಿಂದ 30 ಮೀಟರು. ಹೊದಿಕೆಯಿಲ್ಲದ ಸಪೂರ ತಂತುಗಳಲ್ಲಿ 0.5ರಿಂದ 2 ಮೀಟರು. ಹೆಬ್ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರು ದೂರವೆಂದು ಇಟ್ಟುಕೊಳ್ಳೋಣ. 15 ಮೀಟರು ವೇಗದ ಸುದ್ದಿ ಸೆಕೆಂಡಿನ ಹದಿನೈದನೆಯ ಒಂದು ಪಾಲಿನಲ್ಲಿ ತಲಪುತ್ತದೆ. 1 ಮೀಟರು ವೇಗದ್ದು ಪೂರ್ತಿ ಒಂದು ಸೆಕೆಂಡಿಗೆ. ಎರಡು ನೋವುಗಳ ನಡುವಣ ಅಂತರ ಇದೇ.

ಈ ಸಪೂರ ತಂತುಗಳ ತುದಿಯಲ್ಲಿ, ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ತೆರೆದುಕೊಳ್ಳುವ ಒಂದು ಪ್ರೋಟೀನನ್ನು ಡೇವಿಡ್ ಜೂಲಿಯಸರ ತಂಡವು 1997ರಲ್ಲಿ ಗುರುತಿಸಿತು. ಮೆಣಸಿನಕಾಯಿಯ ಖಾರದ ಅಂಶವೂ ಅದನ್ನೇ ತೆರೆಯುತ್ತದೆ. ಖಾರ ತಿಂದು ‘ಬಾಯಿ ಉರಿಯುತ್ತದೆ’ ಎನ್ನುವ ನಮ್ಮ ಮಾತು ಬರಿಯ ಅಲಂಕಾರವಲ್ಲ.

ಈ ತಂತುಗಳೇ ನಷ್ಟವಾದರೆ? ಕುಷ್ಠರೋಗದಲ್ಲಿ ಆಗುವುದು ಅದೇ. ಬೆರಳುಗಳು ರೋಗದಿಂದಲೇ ಉದುರುತ್ತವೆಂಬ ನಂಬಿಕೆ ಬಹುಕಾಲವಿತ್ತು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡರು, ನೋವಿನ ಅರಿವಿಲ್ಲದ ಕೈಕಾಲುಗಳಿಗೆ ದಿನದಿನವೂ ತಗಲುವ ಸುಟ್ಟಗಾಯ, ಒತ್ತುಗಾಯಗಳೇ ಈ ಹಾನಿಗೆ ಮುಖ್ಯ ಕಾರಣವೆಂದು ತೋರಿಸಿದರು. ಕೈಕಾಲುಗಳನ್ನು ಪ್ರತಿದಿನವೂ ಕಣ್ಣಿನಿಂದ ಪರೀಕ್ಷಿಸಿಕೊಳ್ಳುವಂತೆ ರೋಗಿಗಳಿಗೆ ಕಲಿಸಿದರು. ಆದರೂ ಕೆಲವರ ಬೆರಳು ರಾತ್ರಿ ಕಳೆಯುವಷ್ಟರಲ್ಲಿ ಮೊಟಕಾಗುತ್ತಿದ್ದವು. ಮಲಗಿದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದವು. ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆ ಬಳಿಕ ರೋಗಿಗಳಿಗೆ ಸಾಕಲು ಬೆಕ್ಕುಗಳನ್ನು ಕೊಡಲಾಯಿತು.