ಅಪ್ಪನ ಉಳಿ, ಅಜ್ಜನ ಬಾಚಿ, ನಮ್ಮ ಟು ಬಿಎಚ್‌ಕೆ

ಪಾಲುಪತ್ರದಲ್ಲಿ ಮನೆ ಇತ್ತು, ಒಂದೂವರೆ ಎಕರೆ ಹೊಲ ಇತ್ತು, ಅವ್ವನ ಹೆಸರಿನ ಬ್ಯಾಂಕ್ ಠೇವಣಿ ಇತ್ತು. ಧಾರವಾಡದಲ್ಲಿ ಅಪ್ಪ ಹತ್ತಿರ ಹತ್ತಿರ ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ತಗಡಿನ ಶೆಡ್ಡಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಜಾಗ ಬಾಡಿಗೆಯದು. ಒಳಗಿನ ಸಾಮಾನು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ದೀಪಾವಳಿಯೊಳಗೆ ಖಾಲಿ ಮಾಡಿಕೊಡಿ ಎಂದು ಜಾಗದ ಮಾಲೀಕರು ಹೇಳಿ ಕಳಿಸಿದ ಮೇಲೆ ಅಣ್ಣ, ಅಕ್ಕ, ನಾನು ಮೂವರೂ ಕೂತು ಮಾತಾಡಿದೆವು.

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ನೆಲೆಸಿದ ನಮ್ಮಲ್ಲಿ ಹಲವರಿಗೆ ಊರಲ್ಲಿ ಇಂಥದ್ದೊಂದು ಬೀಗ ಹಾಕಿದ ಕೋಣೆ ಇರುತ್ತದೆ. ಒಬ್ಬರಿಗೆ ಅದು ಕೈಮಗ್ಗ, ಇನ್ನೊಬ್ಬರಿಗೆ ಅಕ್ಕಸಾಲಿಯ ಕುಲುಮೆ, ಮತ್ತೊಬ್ಬರಿಗೆ ರೇಡಿಯೋ ರಿಪೇರಿಯ ಮೇಜು. ಆ ಕೆಲಸ ನಮ್ಮ ಕೈಗೆ ಬಂದಿಲ್ಲ, ಸಾಮಾನು ಮಾತ್ರ ಬಂದಿದೆ. ಏನು ಮಾಡುವುದು ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವರ ಸ್ವಂತ ಸ್ವತ್ತಿನಲ್ಲಿ ಹೆಂಡತಿಗೂ ಗಂಡು ಹೆಣ್ಣು ಮಕ್ಕಳಿಗೂ ಸಮಪಾಲು. ಅಂದರೆ ಶೆಡ್ಡಿನ ಪ್ರತಿಯೊಂದು ಉಳಿಯಲ್ಲೂ ನಾಲ್ಕು ಜನರ ಪಾಲು. ಇನ್ನೊಂದು ಕಲಮು ಇದಕ್ಕಿಂತ ನನಗೆ ಕುತೂಹಲ ಹುಟ್ಟಿಸಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ, ಸಾಲ ತೀರಿಸದವನ ಆಸ್ತಿ ಜಪ್ತಿ ಮಾಡುವಾಗ ಮುಟ್ಟಬಾರದ ವಸ್ತುಗಳ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಗಳ ಪಕ್ಕದಲ್ಲೇ ಕುಶಲಕರ್ಮಿಯ ಉಪಕರಣಗಳೂ ಇವೆ. ಅನ್ನದ ಪಾತ್ರೆಗೂ ಬಡಗಿಯ ಉಳಿಗೂ ಕಾನೂನು ಒಂದೇ ಮರ್ಯಾದೆ ಕೊಟ್ಟಿದೆ. ಆದರೆ ಈ ರಕ್ಷಣೆ ಇರುವುದು ಕೆಲಸ ಮಾಡುವವನಿಗೆ. ನನ್ನಂತೆ ಕೀಬೋರ್ಡ್ ಕುಟ್ಟುವ ಮಗನ ಕೈಗೆ ಬಂದ ಮೇಲೆ ಅದೇ ಉಳಿ ಬರೀ ಚರ ಆಸ್ತಿ.

ಅಣ್ಣ ಗುಜರಿಯವನನ್ನು ಕರೆಸಿದ್ದ. ಅವನು ಐದೇ ನಿಮಿಷದಲ್ಲಿ ಕಬ್ಬಿಣ ಒಂದು ಕಡೆ, ಕಟ್ಟಿಗೆ ಒಂದು ಕಡೆ ಅಂತ ಕಣ್ಣಲ್ಲೇ ಪಾಲು ಮಾಡಿದ. ಕಬ್ಬಿಣಕ್ಕೆ ಕಿಲೋ ಲೆಕ್ಕ. ಕಟ್ಟಿಗೆಗೆ ದುಡ್ಡಿಲ್ಲ, ಒಯ್ಯುವುದೇ ಉಪಕಾರ ಅಂದ. ಅಪ್ಪನ ಉಳಿಗಳನ್ನೆಲ್ಲ ತೂಗಿದರೆ ನಾಲ್ಕು ಕಿಲೋ ಆಗುತ್ತಿರಲಿಲ್ಲ. ಅಷ್ಟರಲ್ಲಿ ಕಾಕಾ ಬಂದರು. ಅವರು ನಮ್ಮ ಸಂಬಂಧಿಕರಲ್ಲ. ಹುಡುಗನಾಗಿದ್ದಾಗ ಅಪ್ಪನ ಹತ್ತಿರ ಕೆಲಸ ಕಲಿಯಲು ಬಂದವರು, ಇಪ್ಪತ್ತಾರು ವರ್ಷ ಅಲ್ಲೇ ಉಳಿದವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, "ತಮ್ಮಾ, ಕೊಡೂದಿದ್ರ ಕೊಡ್ರಿ. ಆದ್ರ ಏನ್ ಕೊಡಾಕತ್ತೀರಿ ಅನ್ನೂದು ಒಮ್ಮೆ ತಿಳಕೊಂಡು ಕೊಡ್ರಿ" ಅಂದರು. ಗುಜರಿಯವನಿಗೆ ಚಹಾ ಕುಡಿಸಿ ವಾಪಸ್ ಕಳಿಸಿದೆವು. ಮುಂದಿನ ಎರಡು ದಿನ ಕಾಕಾ ಒಂದೊಂದೇ ಸಾಮಾನು ಎತ್ತಿ ಹೇಳುತ್ತಾ ಹೋದರು. ಅಕ್ಕ ವಹಿಯಲ್ಲಿ ಬರೆದಳು, ನಾನು ಫೋಟೋ ಹೊಡೆದೆ.

ಎಲ್ಲಕ್ಕಿಂತ ಹಳೆಯದು ಅಜ್ಜನ ಬಾಚಿ. ಅದರ ಮೇಲೆ ಕಂಪನಿಯ ಮುದ್ರೆ ಇಲ್ಲ, ಊರಿನ ಕಂಬಾರ ಬಡಿದು ಕೊಟ್ಟದ್ದು. ಹಿಡಿಕೆ ಮಾತ್ರ ಎಷ್ಟೋ ಸಲ ಬದಲಾಗಿದೆ. ಅಜ್ಜ ಹಳ್ಳಿಯ ಆಯಗಾರ ಬಡಿಗ. ವರ್ಷವಿಡೀ ರೈತರ ನೇಗಿಲು, ಕುಂಟಿ, ಕೂರಿಗೆ ಮಾಡಿಕೊಡುವುದು, ರಿಪೇರಿ ಮಾಡುವುದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳಿನ ರೂಪದಲ್ಲಿ ಆಯ ತರುವುದು. ಬಿಲ್ಲಿಲ್ಲ, ರಸೀದಿಯಿಲ್ಲ. ಆಗಿನ ಬಡಿಗನಿಗೆ ಬೆಂಚೂ ಬೇಕಿರಲಿಲ್ಲ. ನೆಲದ ಮೇಲೆ ಕೂತು, ಕಟ್ಟಿಗೆಯನ್ನು ಎರಡು ಪಾದಗಳಲ್ಲಿ ಹಿಡಿದು, ಎದುರಿಗೆ ಬಾಚಿ ಬೀಸುವುದು. ನೇಗಿಲಿಗೂ ಗಾಲಿಗೂ ಜಾಲಿ ಕಟ್ಟಿಗೆ, ಗಟ್ಟಿ ಮುಟ್ಟು. ಟ್ರ್ಯಾಕ್ಟರ್ ಬಂದಂತೆ ಚಕ್ಕಡಿ ಕಡಿಮೆಯಾಯಿತು, ಆಯವೂ ನಿಂತಿತು. ಅಪ್ಪ ಐಟಿಐಯಲ್ಲಿ ಕಾರ್ಪೆಂಟರ್ ಟ್ರೇಡ್ ಮುಗಿಸಿ ಧಾರವಾಡಕ್ಕೆ ಬಂದರು, ನಿಂತು ಕೆಲಸ ಮಾಡುವುದನ್ನು ಕಲಿತರು, ಮೊದಲು ಬೆಂಚು ಮಾಡಿಕೊಂಡರು.

ಆ ಬೆಂಚು ಆರು ಅಡಿ ಉದ್ದ, ಎರಡು ಅಡಿ ಅಗಲ, ಮೇಲಿನ ಹಲಗೆ ಮೂರು ಇಂಚು ದಪ್ಪದ ಮತ್ತಿ. ಒಂದು ಮೊಳೆ ಇಲ್ಲ. ಕೊರೆದ ಕಂಡಿಗಳಲ್ಲಿ ಕಾಲಿನ ತುದಿ ಕೂರಿಸಿ ಬೆಣೆ ಬಡಿದಿದ್ದಾರೆ. ಎಡಕ್ಕೆ ನೀಲಿ ಬಣ್ಣ ಅಲ್ಲಲ್ಲಿ ಉಳಿದಿರುವ ವೈಸ್, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ರೆಕಾರ್ಡ್ ಕಂಪನಿಯದು; ಅಪ್ಪ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಬಲತುದಿಯಲ್ಲಿ ಒಂದು ತಗ್ಗು ಬಿದ್ದಿದೆ. ಅಪ್ಪ ಪ್ರತಿ ಸಲ ಉಳಿಯ ಕಂಡಿ ಹೊಡೆಯುತ್ತಿದ್ದ ಜಾಗ ಅದು.

ಉಳಿಗಳ ವಿಷಯಕ್ಕೆ ಬಂದರೆ, ಅಂಗಡಿಯಿಂದ ತಂದವು ಕೆಲವು, ಲಾರಿಯ ಕಮಾನು ಪಟ್ಟಿಯಿಂದ ಕಂಬಾರ ಮಾಡಿಕೊಟ್ಟವು ಕೆಲವು. ಎರಡನೆಯವೇ ಧಾರ ಹೆಚ್ಚು ಹಿಡಿಯುತ್ತವೆ ಎನ್ನುತ್ತಾರೆ ಕಾಕಾ. ಒಂದು ಅರ್ಧ ಇಂಚಿನ ಉಳಿ ಸಾಣೆಗೆ ತಿಕ್ಕಿ ತಿಕ್ಕಿ ಮೂರು ಇಂಚಿಗೆ ಇಳಿದಿತ್ತು. ಅದನ್ನು ನಾನು ಪಕ್ಕಕ್ಕಿಟ್ಟಾಗ ಕಾಕಾ ಎತ್ತಿಕೊಂಡು, ಕೊಂಡಿ ಕೂರಿಸುವ ಇಕ್ಕಟ್ಟಿನ ಜಾಗಕ್ಕೆ ಉದ್ದನೆಯ ಉಳಿ ತಿರುಗುವುದಿಲ್ಲ, ಇದೇ ಬೇಕು ಅಂದರು.

ನನಗೆ ನಿಜವಾಗಿ ಕಣ್ಣು ತೆರೆದದ್ದು ಹತ್ತರಿಗಳ ಮುಂದೆ. ಹತ್ತರಿ ಅಂದರೆ ಮೈಸೂರು ಕಡೆಯವರ ತೋಪಡ, ಪುಣೆ-ಮುಂಬೈಯ ಬಡಗಿಗಳ ರಂಧಾ. ನೆಟ್ಟಗೆ ನಯ ಮಾಡುವ ಹತ್ತರಿ ಎಲ್ಲರಲ್ಲೂ ಇರುತ್ತದೆ. ಅಪ್ಪನ ಹತ್ತಿರ ಇದ್ದ ಹದಿನಾಲ್ಕು ಕಟ್ಟಿಗೆ ಹತ್ತರಿಗಳು ಬೇರೆ ಜಾತಿಯವು. ಒಂದೊಂದರ ತಳವೂ ಅಲಗೂ ಒಂದೊಂದು ಅಂಕುಡೊಂಕಿನ ಆಕಾರಕ್ಕೆ ಕೊರೆದವು. ಚೌಕಟ್ಟಿನ ಅಂಚಿಗೆ ಇಟ್ಟು ತಳ್ಳಿದರೆ ಅದೇ ಆಕಾರ ಉದ್ದಕ್ಕೂ ಮೂಡುತ್ತದೆ. ಹಳೆಯ ವಾಡೆಗಳ ಬಾಗಿಲು ಚೌಕಟ್ಟಿನಲ್ಲಿ ನೋಡಿರುತ್ತೀರಲ್ಲ, ಏರು ತಗ್ಗಿನ ಗೆರೆಗಳು, ಅವು ಹೀಗೆ ಮಾಡಿದ್ದು. ಯಾವ ಹತ್ತರಿ ಯಾವ ಓಣಿಯ ಯಾರ ಮನೆಯ ಬಾಗಿಲಿಗೆ ಹೊಂದುತ್ತದೆ ಎಂಬುದನ್ನು ಕಾಕಾ ಒಂದೂ ತಪ್ಪದೆ ಹೇಳಿದರು. ಆ ಮನೆಯ ಚೌಕಟ್ಟು ಒಂದು ಕಡೆ ಗೆದ್ದಲು ತಿಂದರೆ, ಜೋಡಿಯಾಗುವ ತುಂಡು ಮಾಡಲು ಇರುವುದು ಇದೊಂದೇ ಹತ್ತರಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಕೋಡ್ ಇತ್ತು, ಡಾಕ್ಯುಮೆಂಟೇಶನ್ ಪೂರಾ ಒಬ್ಬರ ತಲೆಯಲ್ಲಿತ್ತು.

ಗೋಡೆಗೆ ಮೊಳೆಯ ಮೇಲೆ ತೂಗು ಹಾಕಿದ್ದ ರಟ್ಟು, ಪ್ಲೈವುಡ್ ತುಂಡುಗಳದ್ದೂ ಇದೇ ಕತೆ. ಗುಜರಿಯವನು ಮೊದಲು ಬಿಸಾಡಲು ಹೊರಟಿದ್ದು ಅವನ್ನೇ. ಕುರ್ಚಿಯ ಬೆನ್ನಿನ ಬಾಗು, ತೊಟ್ಟಿಲ ಕಾಲು, ಗಾಲಿಯ ಹೊರಸುತ್ತಿನ ತುಂಡು, ಎಲ್ಲದರ ಮಾದರಿಗಳು ಅವು. ಕೆಲವುದರ ಮೇಲೆ ಅಪ್ಪನ ಅಕ್ಷರದಲ್ಲಿ ಅಳತೆ, ಅದೂ ಇಂಚು ಮತ್ತು ಸೂತಿನಲ್ಲಿ. ಎಂಟು ಸೂತಿಗೆ ಒಂದು ಇಂಚು. 1956ರಲ್ಲೇ ಮೆಟ್ರಿಕ್ ಪದ್ಧತಿಗೆ ಕಾನೂನು ಬಂದರೂ ಬಡಗಿಗಳ ಬಾಯಿಂದ ಸೂತು ಹೋಗಿಲ್ಲ. "ಇದು ಕೆಲಸಾ ಮಾಡೂದಲ್ಲ ತಮ್ಮಾ, ಕೆಲಸಕ್ಕ ದಾರಿ ತೋರಸೂದು. ಉಳಿ ಪ್ಯಾಟ್ಯಾಗ ಸಿಗತೈತಿ, ಇದು ಎಲ್ಲಿ ಸಿಗತೈತಿ?" ಎಂದರು ಕಾಕಾ.

ಇನ್ನು ಹಂಚಿಕೆ. ಇಲ್ಲಿ ಮನಸ್ತಾಪ ಆಗಲಿಲ್ಲ ಅಂದರೆ ಸುಳ್ಳಾದೀತು. ಹತ್ತರಿಗಳೂ ಮಾದರಿಗಳೂ ತಮಗೆ ಬೇಕು ಎಂದು ಕಾಕಾ ಸಂಕೋಚದಿಂದಲೇ ಕೇಳಿದರು. ಅಣ್ಣನಿಗೆ ಅದು ಸರಿ ಕಾಣಲಿಲ್ಲ. ಹಳೆಯ ಕಟ್ಟಿಗೆ ಹತ್ತರಿಗಳು ಮುಂಬೈಯ ಚೋರ್ ಬಜಾರಿನಂಥ ಕಡೆ ಅಲಂಕಾರದ ವಸ್ತುವಾಗಿ ಮಾರಾಟವಾಗುತ್ತವೆ, ಪುಣೆಯ ಜುನಾ ಬಾಜಾರಿನಲ್ಲೂ ಕೊಳ್ಳುವವರಿದ್ದಾರೆ; ಒಂದು ಬೆಲೆ ಕಟ್ಟಿ ಕಾಕಾ ಕೊಳ್ಳಲಿ ಎಂಬುದು ಅವನ ವಾದ. ಅಣ್ಣ ಲೋಭಿಯಲ್ಲ. ಅಪ್ಪನ ಆಸ್ಪತ್ರೆಯ ಖರ್ಚಿನ ದೊಡ್ಡ ಪಾಲು ಹೊತ್ತವನು ಅವನು, ಊರಲ್ಲಿದ್ದು ಎಲ್ಲ ನೋಡಿಕೊಂಡವನು. ದೂರದಲ್ಲಿರುವ ನಾನು ಧಾರಾಳವಾಗಿ ದಾನ ಮಾಡುವುದು ಸುಲಭ. ಇದನ್ನು ಹೊರನಾಡಿನಲ್ಲಿರುವ ನಾವು ನೆನಪಿಡಬೇಕು ಅನಿಸುತ್ತದೆ.

ಮಾತು ಮುರಿಯದಂತೆ ಮಾಡಿದ್ದು ಅವ್ವ. "ಅವಂಗ ಇಪ್ಪತ್ತಾರು ವರ್ಷ ಪಗಾರ ಅಂತ ಏನ್ ಕೊಟ್ಟಾರ ನಿಮ್ಮಪ್ಪ, ಅದನ್ನ ಮೊದಲ ಲೆಕ್ಕಾ ಹಾಕ್ರಿ" ಅಂದಳು. ಅವ್ವನೂ ಪಾಲುದಾರಳೇ. ತನ್ನ ಪಾಲು ಕಾಕಾಗೆ ಎಂದು ಹೇಳಿ ಒಳಗೆ ಹೋದಳು. ಅಣ್ಣ ಆಮೇಲೆ ಬೆಲೆಯ ಮಾತು ಎತ್ತಲಿಲ್ಲ.

ಕಾಕಾಗೆ ಈಗಾಗಲೇ ಸ್ವಂತದ್ದೊಂದು ಸಣ್ಣ ಅಂಗಡಿ ಇದೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ ಸೇರಿ 18 ಕಸುಬುಗಳಿವೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಅವರು ಅದರಲ್ಲಿ ವಿದ್ಯುತ್ ಯಂತ್ರಗಳನ್ನು ಪಡೆದಿದ್ದಾರೆ. ಆದರೆ ವಾಡೆಯ ಬಾಗಿಲಿನ ಆಕಾರ ಆ ಕಿಟ್ಟಿನಲ್ಲಿ ಬರುವುದಿಲ್ಲ.

ಅಕ್ಕನ ಮಾತು ಬೇರೆ. ಹೆಣ್ಣುಮಕ್ಕಳು ಉಳಿ-ಬಾಚಿ ದಾಟಬಾರದು, ಮುಟ್ಟಬಾರದು ಎಂಬ ಮನೆಯಲ್ಲಿ ಬೆಳೆದವಳು ಅವಳು. ಖಂಡೇಪೂಜೆಯ ದಿನ ಕುಂಕುಮ ಹಚ್ಚುವುದಕ್ಕಷ್ಟೇ ಅವಳಿಗೆ ಅವಕಾಶ. ಆದರೆ ಬುತ್ತಿ ಒಯ್ದಾಗಲೆಲ್ಲ ಗರಗಸದ ಇನ್ನೊಂದು ತುದಿ ಹಿಡಿದವಳೂ ಅವಳೇ; ನಾವಿಬ್ಬರು ಗಂಡುಮಕ್ಕಳು ಆಗ ಟ್ಯೂಶನ್‌ನಲ್ಲಿರುತ್ತಿದ್ದೆವು. "ಬಾಚಿ ನನಗ ಬೇಕು" ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಆಸ್ತಿಯ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಒಡವೆ, ಸೀರೆಯ ಬಗ್ಗೆ ಕೇಳುತ್ತೇವೆ. ಉಪಕರಣದ ಬಗ್ಗೆ ಕೇಳುವುದಿಲ್ಲ. ಕೇಳಿ ನೋಡಿ.

ಅಣ್ಣ ಮೂಲೆಮಟ್ಟ, ಡ್ರಿಲ್ ಮತ್ತು ಮನೆ ರಿಪೇರಿಗೆ ಬೇಕಾದ ಸ್ಕ್ರೂಡ್ರೈವರ್, ಇಕ್ಕಳ ಇಟ್ಟುಕೊಂಡ. ತುಕ್ಕು ತಿಂದು ಹೋದದ್ದು ಗುಜರಿಗೆ ಹೋಯಿತು. ಎಲ್ಲವನ್ನೂ ಉಳಿಸಿಕೊಳ್ಳಲೇಬೇಕು ಎಂಬ ಹಟ ಬೇಡ. ಮುರಿದ ಹ್ಯಾಕ್ಸಾ ಬ್ಲೇಡು ಮುರಿದ ಹ್ಯಾಕ್ಸಾ ಬ್ಲೇಡೇ, ಅಪ್ಪನದಾದರೂ.

ನನ್ನ ಪಾಲಿಗೆ ಆರು ಉಳಿ, ಒಂದು ಕೊಡತಿ, ಒಂದು ನೆಟ್ಟ ಹತ್ತರಿ ಬಂದವು. ಪುಣೆಗೆ ತಂದ ಮೇಲೆ ಕಲಿತ ಕೆಲವು ಸಂಗತಿಗಳು ನಿಮಗೂ ಉಪಯೋಗವಾಗಬಹುದು. ಮೇಲ್ಮೈಯ ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ನಯವಾದ ಎಮರಿ ಕಾಗದದಲ್ಲಿ ಉಜ್ಜಿದರೆ ಸಾಕು, ಫಳಫಳ ಹೊಳೆಯಬೇಕಿಲ್ಲ. ಗಟ್ಟಿ ತುಕ್ಕಾದರೆ ಬಿಳಿ ವಿನೆಗರ್‌ನಲ್ಲಿ ನೆನೆಸಿ, ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ ಒಣಗಿಸಬೇಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಲಕ್ರಮೇಣ ಅಂಟಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಚಾಕು ಸಾಣೆ ಹಿಡಿಯುವವನ ಕರೆಂಟಿನ ಗಾಲಿಗೆ ಉಳಿ ಕೊಡಬೇಡಿ. ಕಾವೇರಿ ತುದಿ ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು, ಮತ್ತೆ ಧಾರ ನಿಲ್ಲುವುದಿಲ್ಲ. ಕಟ್ಟಿಗೆಯ ಸಾಮಾನು ಮನೆಯೊಳಗೆ ತರುವ ಮೊದಲು ಸಣ್ಣ ತೂತುಗಳನ್ನು ನೋಡಿ. ಕೆಳಗೆ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಒಳಗೆ ಜೀವಂತವಾಗಿದೆ. ಅದನ್ನು ತಂದರೆ ನಿಮ್ಮ ವಾರ್ಡ್‌ರೋಬಿಗೂ ಬರಬಹುದು. ಎಲ್ಲಕ್ಕಿಂತ ಮುಂಚೆ, ಸಾಮಾನಿನ ಬಗ್ಗೆ ಗೊತ್ತಿರುವವರು ಊರಲ್ಲಿ ಇನ್ನೂ ಓಡಾಡಿಕೊಂಡಿರುವಾಗಲೇ ಒಂದು ರಜೆ ಹಾಕಿ ಹೋಗಿ, ಅವರನ್ನು ಮಾತಾಡಿಸಿ, ಮೊಬೈಲಿನಲ್ಲಿ ದಾಖಲಿಸಿ. ಅಕ್ಕನ ವಹಿ ಈಗ ನಮ್ಮಲ್ಲಿ ಎಲ್ಲರಿಗೂ ಬೇಕಾದ ವಸ್ತು, ಮೂರು ಝೆರಾಕ್ಸ್ ಆಗಿವೆ.

ಉಳಿದಿರುವುದು ಬೆಂಚು. ಕಾಕಾರ ಅಂಗಡಿಯಲ್ಲಿ ಜಾಗ ಇಲ್ಲ, ಅಣ್ಣನಿಗೆ ಬೇಡ. ಪುಣೆಯ ನಮ್ಮ ಸೊಸೈಟಿಯ ಐದನೇ ಮಹಡಿಗೆ ಅದನ್ನು ತರುವುದೇ ಹುಚ್ಚು ಎಂದು ಹೆಂಡತಿ ಮೊದಲು ನಕ್ಕಳು, ಆಮೇಲೆ ಬಾಲ್ಕನಿಯ ಅಳತೆ ತೆಗೆದವಳೂ ಅವಳೇ. ಬೆಣೆ ಬಿಚ್ಚಿ ಕೊಡುತ್ತೇನೆ ಎಂದಿದ್ದಾರೆ ಕಾಕಾ. ಹೋದ ವಾರ ಬೆಂಚಿನ ಅಡಿ ಟಾರ್ಚ್ ಹಿಡಿದು ನೋಡಿದರಂತೆ: ನಾಲ್ಕು ಕಾಲಿಗೂ ಅವು ಕೂರುವ ಕಂಡಿಗಳ ಪಕ್ಕದಲ್ಲೂ ಉಳಿಯಿಂದ ಒಂದು ಗೆರೆ, ಎರಡು ಗೆರೆ, ಮೂರು, ನಾಲ್ಕು ಎಂದು ಅಪ್ಪ ಆಗಲೇ ಗುರುತು ಹಾಕಿದ್ದಾರೆ, ಬಿಚ್ಚಿದವರಿಗೆ ತಿರುಗಿ ಜೋಡಿಸಲು ತಿಳಿಯಲಿ ಎಂದು. ನಮ್ಮ ಲಿಫ್ಟಿನ ಬಾಗಿಲು 32 ಇಂಚು. ಹಲಗೆಯನ್ನು ನಿಲ್ಲಿಸಿ ತರಬೇಕು. ಟೆಂಪೋದವನು ಮುಂದಿನ ಶನಿವಾರ ಧಾರವಾಡದಿಂದ ಹೊರಡುತ್ತಾನೆ.