ಗುಂಡಿಯಿಲ್ಲದ ಬ್ಯಾಂಜೋ

ನಮ್ಮ ಹಳಿಯಾಳದ ಕಡೆ ಭಜನೆಯಲ್ಲಿ ‘ಬ್ಯಾಂಜೋ’ ಎಂದರೆ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ. ಹಾಗಾಗಿ, ಹಳೇ ಮಾದರಿಯಲ್ಲೇ ಮತ್ತೆ ತಯಾರಾದ ಐದು ತಂತಿಯ ಅಮೆರಿಕನ್ ಬ್ಯಾಂಜೋ ಮಾರಾಟಕ್ಕಿದೆ ಎಂದು ಅಳಿಯ ಚಿತ್ರ ತೋರಿಸಿದಾಗ ಕೇಳಿದೆ: ‘ಗುಂಡಿಗಳೆಲ್ಲಿ?’

ತಮಟೆಗೆ ಹಿಡಿಕೆ ಕೂಡಿಸಿದಂತಿತ್ತು. ಐದನೆಯ ತಂತಿ ಗಿಡ್ಡ, ಅದರ ಬಿರಡೆ ಕತ್ತಿನ ನಡುವೆ; ತಂಬೂರಿಯ ಶ್ರುತಿಯಂತೆ ಒಂದೇ ಸ್ವರ ಮಿಡಿಯುತ್ತದೆ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರು ಸೋರೆಬುರುಡೆಗೆ ಚರ್ಮ ಬಿಗಿದು ಕಟ್ಟಿದ ವಾದ್ಯವೇ ಇದರ ಮೂಲ. ಆಫ್ರಿಕಾ ಮೂಲದ ನಮ್ಮ ಸಿದ್ದಿಗಳ ಕೈಯಲ್ಲಿ ಮೊಳಗುವುದೂ ಚರ್ಮವಾದ್ಯವೇ, ಡಮಾಮಿ. ಮುಂಡಗೋಡದ ಟಿಬೆಟನ್ನರ ಆರು ತಂತಿಯ ದ್ರಾನ್ಯೆನ್‌ಗೂ ಚರ್ಮದ ಮುಖ.

ಈಗಿನ ಬ್ಯಾಂಜೋಗಳಿಗೆ ಹೆಚ್ಚಾಗಿ ಪ್ಲಾಸ್ಟಿಕ್ ಹೊದಿಕೆ. ಜೋಯಿಡಾದ ಮಳೆಗೆ ಅದೇ ವಾಸಿ. ಚರ್ಮವಾದರೆ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುತ್ತದೆ.