ಮಣಿಕಟ್ಟು ಮುರಿದರೆ ಪ್ಲೇಟ್ ಹಾಕಿಸಲೇಬೇಕೇ?



ಸಂಘದಿಂದ ತುರ್ತು ಸಾಲ ಕೇಳುವವರಲ್ಲಿ ಮೂಳೆ ಮುರಿದವರೂ ಇರುತ್ತಾರೆ. ಪಾಚಿ ಕಟ್ಟಿದ ಅಂಗಳದಲ್ಲೋ ಬಚ್ಚಲಲ್ಲೋ ಜಾರಿದಾಗ ನಾವು ಕೈ ಊರಿಯೇ ಬೀಳೋದು. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು, ಹೆಬ್ಬೆರಳಿನ ಕಡೆಯ ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದರಿಂದ ಐವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು.

ಬಿದ್ದ ತಕ್ಷಣ ಬಳೆ, ಉಂಗುರ ತೆಗೆದುಬಿಡಿ. ಬಾವು ಬಂದ ಮೇಲೆ ಕತ್ತರಿಸಬೇಕಾಗುತ್ತೆ. ನಾಟಿ ಕಟ್ಟಿಗೆ ಓಡಬೇಡಿ, ಬಿಗಿ ಕಟ್ಟಿನಿಂದ ರಕ್ತ ನಿಂತು ಬೆರಳು ಕಳೆದುಕೊಂಡವರಿದ್ದಾರೆ.

ಎಕ್ಸ್‌ರೇಯಲ್ಲಿ ಮೂಳೆ ಜರುಗಿಲ್ಲವೆಂದರೆ ಐದಾರು ವಾರದ ಪ್ಲಾಸ್ಟರ್ ಸಾಕು. ಜರುಗಿದ್ದರೆ ಅರಿವಳಿಕೆ ಕೊಟ್ಟು, ಎಳೆದು ಕೂರಿಸಿ, ಪ್ಲಾಸ್ಟರ್ ಹಾಕುತ್ತಾರೆ. ಮೊದಲೆರಡು ವಾರದಲ್ಲಿ ಅದು ಮತ್ತೆ ಜಾರಬಹುದು, ಆದ್ದರಿಂದ ಮರು ಎಕ್ಸ್‌ರೇ ತಪ್ಪಿಸಬೇಡಿ. ಮೂಳೆ ಕೂರದಿದ್ದರೆ ಅಥವಾ ಕೀಲಿನೊಳಗೇ ಚೂರಾಗಿದ್ದರೆ ಪ್ಲೇಟ್ ಮಾತು ಬರುತ್ತದೆ. ಅಂಗೈ ಕಡೆಯಿಂದ ಕೊಯ್ದು, ಚೂರುಗಳನ್ನು ಹೊಂದಿಸಿ, ಟೈಟಾನಿಯಂ ಅಥವಾ ಸ್ಟೀಲ್ ಪಟ್ಟಿಯನ್ನು ಸ್ಕ್ರೂಗಳಿಂದ ಕೂರಿಸುತ್ತಾರೆ. ಹಳೇ ಮರಕ್ಕೆ ಹೊಡೆದ ಮೊಳೆ ಸಡಿಲ ಆಗುತ್ತಲ್ಲ? ಈಗಿನ ಸ್ಕ್ರೂಗಳ ತಲೆ ಪ್ಲೇಟಿಗೇ ಬಿಗಿದುಕೊಳ್ಳುವುದರಿಂದ ಟೊಳ್ಳು ಮೂಳೆಯಲ್ಲೂ ಹಿಡಿತ ಉಳಿಯುತ್ತದೆ.

ಹಾಗಂತ ಎಲ್ಲರಿಗೂ ಬೇಕಾ? ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 60 ದಾಟಿದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲೇಟ್ ಹಾಕಿಸಿದವರಿಗೂ ಪ್ಲಾಸ್ಟರಿನವರಿಗೂ ಒಂದು ವರ್ಷದ ನಂತರ ನೋವಿನಲ್ಲಿ, ಕೈಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹಾಲು ಕರೆಯುವ, ಬೀಡಿ ಕಟ್ಟುವ ನಲವತ್ತರ ಹೆಂಗಸಿನ ಕೀಲು ಸೊಟ್ಟಗೆ ಕೂಡಿದರೆ ದುಡಿಮೆಗೇ ಪೆಟ್ಟು. ಅಂಥವರು ಮುಂದೂಡಬಾರದು. ಎರಡು ಮೂರು ವಾರ ಕಳೆದರೆ ಮೂಳೆ ಸೊಟ್ಟಗೇ ಅಂಟಿಕೊಳ್ಳಲು ಶುರುವಾಗಿ ಆಪರೇಷನ್ ಕಷ್ಟವಾಗುತ್ತದೆ. "ಪ್ಲಾಸ್ಟರ್ ಹಾಕಿದರೆ ನನ್ನ ಕೈಗೆ ಏನಾಗುತ್ತೆ ಡಾಕ್ಟ್ರೇ?" ಅಂತ ಸಂಕೋಚವಿಲ್ಲದೆ ಕೇಳಿ. ಇದು ನಿಮ್ಮ ಹಕ್ಕು.

ಸಾಲಕ್ಕೆ ಅರ್ಜಿ ಬರೆಯುವ ಮೊದಲು ಬಿ.ಪಿ.ಎಲ್. ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಆಗುತ್ತದೆಯೇ ವಿಚಾರಿಸಿ.

ಪ್ಲಾಸ್ಟರೋ ಪ್ಲೇಟೋ, ಮೊದಲ ದಿನದಿಂದಲೇ ಬೆರಳು ಮಡಚಿ ಬಿಡಿಸುತ್ತಿರಿ, ಕೈ ಎದೆಮಟ್ಟಕ್ಕಿಂತ ಮೇಲಿರಲಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಸಾಮಾನ್ಯವಾಗಿ ಪ್ಲೇಟ್ ತೆಗೆಸಬೇಕಾಗಿಲ್ಲ. ಆದರೆ ವರ್ಷಗಳ ನಂತರವಾದರೂ ಹೆಬ್ಬೆರಳು ಮಡಚುವಾಗ ಒಳಗೆ ಉಜ್ಜಿದಂತಾದರೆ ತೋರಿಸಿ, ಪ್ಲೇಟಿನ ಅಂಚು ಸ್ನಾಯುವಿನ ಹುರಿಯನ್ನು ಸವೆಸುತ್ತಿರಬಹುದು.